ಲೆಕ್ಕ ಕೇಳಿದ ನಟ: ಜೇಮ್ಸ್ ಗಾರ್ನರ್ ಮತ್ತು ‘ದಿ ರಾಕ್‌ಫರ್ಡ್ ಫೈಲ್ಸ್’

1983ರ ಜುಲೈ ತಿಂಗಳು. ಅಮೆರಿಕದ ಟಿವಿ ನಟ ಜೇಮ್ಸ್ ಗಾರ್ನರ್ ಅವರು ಯೂನಿವರ್ಸಲ್ ಸ್ಟುಡಿಯೋ ಮೇಲೆ 1 ಕೋಟಿ 65 ಲಕ್ಷ ಡಾಲರ್‌ಗೆ ದಾವೆ ಹೂಡಿದರು. ಕರಾರು ಮುರಿದಿದ್ದಾರೆ, ನ್ಯಾಯವಾಗಿ ನಡೆದುಕೊಂಡಿಲ್ಲ, ಮೋಸ ಮಾಡಿದ್ದಾರೆ ಅನ್ನುವುದು ದೂರು. ಆಗ ಅವರಿಗೆ 55 ವರ್ಷ. ಯೂನಿವರ್ಸಲ್ ತಯಾರಿಸಿದ ಅವರ ‘ದಿ ರಾಕ್‌ಫರ್ಡ್ ಫೈಲ್ಸ್’ ಧಾರಾವಾಹಿ ನಿಂತು ಮೂರೂವರೆ ವರ್ಷ ಆಗಿತ್ತು. ಆದರೆ ಟಿವಿಯಿಂದ ಅದು ಹೋಗಿರಲಿಲ್ಲ. ಬೇರೆ ಬೇರೆ ಊರಿನ ಚಾನೆಲ್‌ಗಳು ಹಳೆಯ ಕಂತುಗಳನ್ನು ಕೊಂಡು ಮತ್ತೆ ಮತ್ತೆ ಹಾಕುತ್ತಿದ್ದವು. ಜನ ನೋಡುತ್ತಿದ್ದರು. ದುಡ್ಡು ಬರುತ್ತಿತ್ತು. ಆ ದುಡ್ಡು ಎಲ್ಲಿ ಹೋಗುತ್ತಿದೆ ಅನ್ನುವುದೊಂದೇ ಗಾರ್ನರ್ ಅವರ ಪ್ರಶ್ನೆ.

ಈ ಪ್ರಕರಣ ನನ್ನನ್ನು ಹಿಡಿದಿಟ್ಟುಕೊಂಡದ್ದಕ್ಕೆ ಒಂದು ಕಾರಣ ಇದೆ. ಕೆಲವು ವರ್ಷಗಳ ಹಿಂದೆ ಒಬ್ಬ ಪ್ರಕಾಶಕರಿಗೆ ಪುಸ್ತಕವೊಂದನ್ನು ಬರೆದುಕೊಟ್ಟಿದ್ದೆ. ಮಾರಾಟದ ಮೇಲೆ ಗೌರವಧನ ಅಂತ ಮಾತಾಗಿತ್ತು. ಮೂರು ವರ್ಷ ಲೆಕ್ಕ ಬರಲಿಲ್ಲ. ಕೇಳಬೇಕು ಅಂತ ಪ್ರತಿ ಸಲ ಅಂದುಕೊಳ್ಳುತ್ತಿದ್ದೆ, ಬಾಯಿ ಬರುತ್ತಿರಲಿಲ್ಲ. ಕೆಲಸ ಕೊಟ್ಟವರ ಹತ್ತಿರ ಲೆಕ್ಕ ಕೇಳುವುದು ಮರ್ಯಾದೆ ಅಲ್ಲ ಅನ್ನುವ ಭಾವನೆ ನಮ್ಮೊಳಗೆ ಬಹಳ ಆಳದಲ್ಲಿ ಕೂತಿರುತ್ತದೆ. ಗಾರ್ನರ್ ಅವರಿಗೆ ಆ ಅಳುಕು ಇರಲಿಲ್ಲ. ಯಾಕೆ ಇರಲಿಲ್ಲ ಅನ್ನುವುದನ್ನು ತಿಳಿಯಬೇಕಾದರೆ ಅವರ ಬದುಕನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಹುಡುಗ, ಸೈನಿಕ, ಮಾತಿಲ್ಲದ ಜಡ್ಜ್

ಅವರು ಹುಟ್ಟಿದ್ದು 1928ರ ಏಪ್ರಿಲ್ 7ರಂದು, ಓಕ್ಲಹೋಮಾ ರಾಜ್ಯದ ನಾರ್ಮನ್ ಊರಿನಲ್ಲಿ. ಆಗಿನ ಹೆಸರು ಜೇಮ್ಸ್ ಬಮ್‌ಗಾರ್ನರ್. ಮೂವರು ಅಣ್ಣತಮ್ಮಂದಿರಲ್ಲಿ ಕೊನೆಯವರು. ಚಿಕ್ಕ ಮಗುವಾಗಿದ್ದಾಗಲೇ ತಾಯಿ ತೀರಿಕೊಂಡರು. ಆಮೇಲೆ ಬಂದ ಮಲತಾಯಿ ಹೊಡೆಯುತ್ತಿದ್ದರು. 14ನೇ ವಯಸ್ಸಿಗೆ ಹುಡುಗ ಮನೆ ಬಿಟ್ಟ. ಸಿಕ್ಕ ಕೆಲಸ ಮಾಡಿದ, ಸರಕು ಹಡಗಿಗೂ ಸೇರಿದ, ಲಾಸ್ ಏಂಜಲೀಸ್‌ನಲ್ಲಿ ಅಪ್ಪನ ಜೊತೆ ಮನೆಗಳಿಗೆ ಕಾರ್ಪೆಟ್ ಹಾಕಿದ.

ನಂತರ ಕೊರಿಯಾ ಯುದ್ಧ. ಅಲ್ಲಿ ಎರಡು ಸಲ ಗಾಯಗೊಂಡರು. ಎರಡನೆಯ ಸಲ ತಗುಲಿದ್ದು ತಮ್ಮದೇ ಕಡೆಯ ವಿಮಾನಗಳ ಗುಂಡು. ಗಾಯಗೊಂಡ ಸೈನಿಕರಿಗೆ ಕೊಡುವ ‘ಪರ್ಪಲ್ ಹಾರ್ಟ್’ ಪದಕ ಅವರಿಗೆ ಎರಡು ಬರಬೇಕಿತ್ತು. ಒಂದು ಬಂತು. ಇನ್ನೊಂದು ಕೈಗೆ ಸಿಕ್ಕಿದ್ದು 32 ವರ್ಷ ಕಳೆದ ಮೇಲೆ, 1983ರಲ್ಲಿ. ಅಂದರೆ ಯೂನಿವರ್ಸಲ್ ಮೇಲೆ ದಾವೆ ಹೂಡಿದ ಅದೇ ವರ್ಷ. ಇದು ಬರೀ ಕಾಕತಾಳೀಯ ಅಂತ ನನಗೂ ಗೊತ್ತು. ಆದರೂ ಆ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡದೆ ಇರಲು ನನ್ನಿಂದ ಆಗುವುದಿಲ್ಲ.

ನಟನೆಗೆ ಬಂದದ್ದು ಪರಿಚಯದ ಒಬ್ಬ ನಿರ್ಮಾಪಕರಿಂದ. 1954ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಯ ನಾಟಕವೊಂದರಲ್ಲಿ ಪಾತ್ರ ಸಿಕ್ಕಿತು. ಸೇನಾ ನ್ಯಾಯಾಲಯದ ಕಥೆ. ಇವರದು ಜಡ್ಜ್‌ಗಳ ಸಾಲಿನಲ್ಲಿ ಕೂರುವ ಪಾತ್ರ, ಒಂದೂ ಮಾತಿಲ್ಲ. ರಾತ್ರಿ ರಾತ್ರಿ ಕೂತು ಮುಖ್ಯ ಪಾತ್ರದ ನಟ ಹೆನ್ರಿ ಫಾಂಡಾ ಅವರ ನಟನೆ ನೋಡುವುದೇ ಕೆಲಸ. ಎದುರಿನವರ ಮಾತನ್ನು ನಿಜವಾಗಿ ಕೇಳಿಸಿಕೊಳ್ಳುವುದೇ ನಟನೆಯ ಅರ್ಧ ಭಾಗ ಅನ್ನುವುದನ್ನು ಅವರು ಅಲ್ಲಿ ಕಲಿತರು ಅಂತ ನನ್ನ ಅನಿಸಿಕೆ. ಅವರ ಯಾವ ಕಂತನ್ನು ನೋಡಿದರೂ ಇದು ಕಾಣುತ್ತದೆ. ಎದುರಿನವರು ಮಾತಾಡುವಾಗ ಅವರ ಮುಖದಲ್ಲಿ ಏನೋ ಒಂದು ನಡೆಯುತ್ತಲೇ ಇರುತ್ತದೆ.

ಮೊದಲ ಜಗಳ

1957ರ ಸೆಪ್ಟೆಂಬರ್‌ನಲ್ಲಿ ಎಬಿಸಿ ಚಾನೆಲ್‌ನಲ್ಲಿ ‘ಮ್ಯಾವರಿಕ್’ ಶುರುವಾಯಿತು. ವಾರ್ನರ್ ಬ್ರದರ್ಸ್ ತಯಾರಿಸಿದ್ದು, ರಾಯ್ ಹಗಿನ್ಸ್ ಅವರ ಸೃಷ್ಟಿ. ಆಗಿನ ಕೌಬಾಯ್ ಧಾರಾವಾಹಿಗಳಲ್ಲಿ ನಾಯಕ ಅಂದರೆ ಎದೆ ಸೆಟೆಸಿ ನಿಂತು ಗುಂಡು ಹಾರಿಸುವವನು. ಬ್ರೆಟ್ ಮ್ಯಾವರಿಕ್ ಹಾಗಲ್ಲ. ಇಸ್ಪೀಟು ಆಡುವವನು, ಜಗಳ ತಪ್ಪಿಸಿಕೊಳ್ಳಲು ನೋಡುವವನು, ಮಾತಿನಲ್ಲೇ ಗೆಲ್ಲುವವನು. ಭಾನುವಾರ ರಾತ್ರಿ ಎಡ್ ಸುಲ್ಲಿವನ್ ಅವರ ಜನಪ್ರಿಯ ಕಾರ್ಯಕ್ರಮದ ಎದುರಿಗೇ ಇದು ಗೆದ್ದುಕೊಂಡಿತು. ಗಾರ್ನರ್ ರಾತ್ರೋರಾತ್ರಿ ಮನೆಮಾತಾದರು. ಆದರೆ ಅವರು ಸ್ಟುಡಿಯೋದ ಸಂಬಳದ ನಟ. ವಾರದ ಸಂಬಳ, ಅಷ್ಟೇ.

1960ರಲ್ಲಿ ಹಾಲಿವುಡ್ ಬರಹಗಾರರು ಮುಷ್ಕರ ಹೂಡಿದರು. ವಾರ್ನರ್‌ನವರು ಗಾರ್ನರ್ ಅವರ ಸಂಬಳ ನಿಲ್ಲಿಸಿದರು. ಮುಷ್ಕರದಿಂದ ಸ್ಕ್ರಿಪ್ಟ್ ಇಲ್ಲ, ಶೂಟಿಂಗ್ ಇಲ್ಲ, ಇದು ನಮ್ಮ ಕೈ ಮೀರಿದ ಪರಿಸ್ಥಿತಿ ಅನ್ನುವುದು ಅವರ ವಾದ. ಕರಾರಿನಲ್ಲಿ ಅಂಥ ಒಂದು ಷರತ್ತು ಇತ್ತು. ಬೇರೆಯವರಾಗಿದ್ದರೆ ಮುಷ್ಕರ ಮುಗಿಯಲಿ ಅಂತ ಸುಮ್ಮನೆ ಕಾಯುತ್ತಿದ್ದರು. ಗಾರ್ನರ್ ಕೋರ್ಟಿಗೆ ಹೋದರು. ಸಂಬಳ ನಿಲ್ಲಿಸಿದ ದಿನವೇ ಕರಾರು ಮುರಿದ ಹಾಗಾಯಿತು, ಇನ್ನು ನಾನು ನಿಮ್ಮವನಲ್ಲ ಅಂದರು.

ಮುಷ್ಕರದ ವೇಳೆಯಲ್ಲೂ ಸ್ಟುಡಿಯೋಗೆ ಸ್ಕ್ರಿಪ್ಟ್‌ಗಳು ಬರುತ್ತಲೇ ಇದ್ದವು ಅನ್ನುವುದು ವಿಚಾರಣೆಯಲ್ಲಿ ಹೊರಬಿತ್ತು. ಆ ದಿನಗಳ ವಾರ್ನರ್ ಧಾರಾವಾಹಿಗಳಲ್ಲಿ ಬರಹಗಾರರ ಹೆಸರಿನ ಜಾಗದಲ್ಲಿ ‘ಡಬ್ಲ್ಯೂ. ಹರ್ಮಾನೋಸ್’ ಅನ್ನುವ ಒಂದು ಹೆಸರು ಕಾಣುತ್ತದೆ. ಸ್ಪ್ಯಾನಿಷ್‌ನಲ್ಲಿ ಹರ್ಮಾನೋಸ್ ಅಂದರೆ ಸಹೋದರರು. ವಾರ್ನರ್ ಬ್ರದರ್ಸ್ ಅಂತ ಓದಿಕೊಳ್ಳಬಹುದು. ಅಂಥ ಮನುಷ್ಯ ಯಾರೂ ಇರಲಿಲ್ಲ. ಒಂದು ಧಾರಾವಾಹಿಯ ಹಳೆಯ ಕಥೆಯನ್ನು ತಿರುಗಿಸಿ ಇನ್ನೊಂದಕ್ಕೆ ಹೊಂದಿಸಲು ಆ ಹೆಸರು ಬಳಕೆಯಾಗುತ್ತಿತ್ತು. 1960ರ ಡಿಸೆಂಬರ್‌ನಲ್ಲಿ ತೀರ್ಪು ಗಾರ್ನರ್ ಪರ ಬಂತು. ಮೇಲ್ಮನವಿಯಲ್ಲೂ ಅದೇ ಉಳಿಯಿತು. ಅವರು ‘ಮ್ಯಾವರಿಕ್’ ಬಿಟ್ಟು ಸಿನಿಮಾಗೆ ಹೋದರು. ಮುಂದಿನ ಹತ್ತು ವರ್ಷ ಹೆಚ್ಚಾಗಿ ಸಿನಿಮಾಗಳೇ. ಅದು ಚೆನ್ನಾಗಿ ನಡೆದ ಕಾಲ, ಇಲ್ಲಿ ಅದರ ವಿವರ ಬೇಡ.

ಟ್ರೇಲರ್ ಮನೆಯ ಪತ್ತೇದಾರ

1974ರ ಸೆಪ್ಟೆಂಬರ್ 13ರಂದು ಎನ್‌ಬಿಸಿಯಲ್ಲಿ ‘ದಿ ರಾಕ್‌ಫರ್ಡ್ ಫೈಲ್ಸ್’ ಆರಂಭ. ಮತ್ತೆ ರಾಯ್ ಹಗಿನ್ಸ್, ಜೊತೆಗೆ ಸ್ಟೀಫನ್ ಕ್ಯಾನಲ್. ಜಿಮ್ ರಾಕ್‌ಫರ್ಡ್ ಒಬ್ಬ ಖಾಸಗಿ ಪತ್ತೇದಾರ. ಮಾಡದ ತಪ್ಪಿಗೆ ಜೈಲಿನಲ್ಲಿದ್ದು ಕ್ಷಮಾದಾನ ಪಡೆದು ಬಂದವನು. ಮಲಿಬು ಕಡಲ ದಂಡೆಯಲ್ಲಿ ಒಂದು ಟ್ರೇಲರ್‌ನಲ್ಲಿ, ಅಂದರೆ ಚಕ್ರದ ಮೇಲಿನ ಮನೆಯಲ್ಲಿ ವಾಸ. ಪಿಸ್ತೂಲು ಸೊಂಟದಲ್ಲಿ ಅಲ್ಲ, ಬಿಸ್ಕತ್ತಿನ ಡಬ್ಬಿಯಲ್ಲಿ. ಫೀಸು ದಿನಕ್ಕೆ 200 ಡಾಲರ್, ಖರ್ಚು ಬೇರೆ. ಆ ಫೀಸು ಅನೇಕ ಸಲ ಬರುವುದೇ ಇಲ್ಲ. ಪ್ರತಿ ಕಂತೂ ಅವನ ಆನ್ಸರಿಂಗ್ ಮಷೀನ್‌ನಲ್ಲಿ, ಅಂದರೆ ಫೋನ್ ಮಾಡಿದವರ ಮಾತನ್ನು ಹಿಡಿದಿಡುವ ಯಂತ್ರದಲ್ಲಿ, ಕೇಳುವ ಒಂದು ಸಂದೇಶದಿಂದ ಶುರುವಾಗುತ್ತದೆ. ಎಷ್ಟೋ ಸಲ ಅದು ಬಾಕಿ ಕೇಳುವವರ ಫೋನ್.

ನೋಆ ಬೀರಿ ಜೂನಿಯರ್ ಅವರು ತಂದೆ ರಾಕಿಯಾಗಿ, ಜೋ ಸ್ಯಾಂಟೋಸ್ ಪೊಲೀಸ್ ಗೆಳೆಯನಾಗಿ, ಸ್ಟುವರ್ಟ್ ಮಾರ್ಗೋಲಿನ್ ನಂಬಲಾಗದ ಜೈಲಿನ ಸಂಗಾತಿಯಾಗಿ ನಟಿಸಿದರು. ಅಪ್ಪ ಮಗನ ದೃಶ್ಯಗಳು ನನಗೆ ಇವತ್ತಿಗೂ ಬಹಳ ಇಷ್ಟ. ಮಗ ಈ ಕೆಲಸ ಬಿಟ್ಟು ಲಾರಿ ಓಡಿಸಲಿ ಅಂತ ಅಪ್ಪನಿಗೆ ಆಸೆ. ಆ ಮಾತು ಬಂದಾಗಲೆಲ್ಲ ಮಗ ತೋರುವ ತಾಳ್ಮೆ ಇದೆಯಲ್ಲ, ಅದನ್ನು ಬರೆದು ಕಲಿಸಲು ಆಗುವುದಿಲ್ಲ. 1977ರಲ್ಲಿ ಗಾರ್ನರ್ ಅವರಿಗೆ ಅಮೆರಿಕದ ಟಿವಿ ರಂಗದ ದೊಡ್ಡ ಪ್ರಶಸ್ತಿಯಾದ ಎಮ್ಮಿ ಬಂತು. 1978ರಲ್ಲಿ ಧಾರಾವಾಹಿಗೇ ಬಂತು.

ಬೆಲೆಯೂ ದೊಡ್ಡದಿತ್ತು. ಹೆಚ್ಚಿನ ಸಾಹಸದ ದೃಶ್ಯಗಳನ್ನು ಅವರೇ ಮಾಡುತ್ತಿದ್ದರು. ಮೊಣಕಾಲು ಹಾಳಾಯಿತು, ಬೆನ್ನು ನೋವು, ಹೊಟ್ಟೆಯಲ್ಲಿ ಹುಣ್ಣು. 1979ರ ಕೊನೆಗೆ ವೈದ್ಯರು ವಿಶ್ರಾಂತಿ ತೆಗೆದುಕೊಳ್ಳಲೇಬೇಕು ಅಂದರು. ಎನ್‌ಬಿಸಿ ಧಾರಾವಾಹಿಯನ್ನು ನಿಲ್ಲಿಸಿತು. 1980ರ ಜನವರಿ 10ರಂದು ಕೊನೆಯ ಕಂತು. ಆರು ಸೀಸನ್, 120ಕ್ಕೂ ಹೆಚ್ಚು ಕಂತುಗಳು.

ಇಲ್ಲಿ ಗಾರ್ನರ್ ಬರೀ ಸಂಬಳದ ನಟ ಆಗಿರಲಿಲ್ಲ. ತಾಯಿಯ ಕಡೆಯಿಂದ ಬಂದ ಮೂಲನಿವಾಸಿ ಬೇರನ್ನು ನೆನೆದು ಕಟ್ಟಿದ ‘ಚೆರೋಕೀ ಪ್ರೊಡಕ್ಷನ್ಸ್’ ಅನ್ನುವ ಸ್ವಂತ ಕಂಪನಿ ಅವರಿಗಿತ್ತು. ಧಾರಾವಾಹಿಯಲ್ಲಿ ಆ ಕಂಪನಿಯೂ ಸೇರಿತ್ತು. ಸಂಭಾವನೆ ಅಲ್ಲದೆ ನಿವ್ವಳ ಲಾಭದಲ್ಲಿ ಪಾಲು ಅಂತ ಕರಾರಾಗಿತ್ತು. 1960ರ ಅನುಭವ ಇದ್ದವರು ಇಷ್ಟು ಎಚ್ಚರ ವಹಿಸಿದ್ದು ಸಹಜ. ಆದರೆ ಎಲ್ಲ ಸಿಕ್ಕಿಕೊಂಡದ್ದು ‘ನಿವ್ವಳ’ ಅನ್ನುವ ಆ ಒಂದು ಪದದಲ್ಲಿ. ಧಾರಾವಾಹಿ ಲಕ್ಷಾಂತರ ಡಾಲರ್ ನಷ್ಟದಲ್ಲಿದೆ ಅಂತ ಸ್ಟುಡಿಯೋ ಹೇಳಿತು. ಗಾರ್ನರ್ ಕಡೆಯವರು ಲಾಭ ಬಂದಿದೆ ಅಂದರು.

ಲಾಭ ಎಲ್ಲಿ ಕರಗುತ್ತದೆ

ಈ ಲೆಕ್ಕ ಹೇಗೆ ನಡೆಯುತ್ತದೆ ಅಂತ ನೋಡೋಣ. ಮುಂದೆ ಬರುವ ಅಂಕಿಗಳು ಅರ್ಥ ಆಗಲಿ ಅಂತ ನಾನೇ ಹಾಕಿಕೊಂಡವು, ರಾಕ್‌ಫರ್ಡ್‌ನ ಅಂಕಿಗಳಲ್ಲ. ಆದರೆ ಲೆಕ್ಕದ ಕ್ರಮ ಹಾಲಿವುಡ್‌ನದೇ.

ಒಂದು ಕಂತು ತಯಾರಿಸಲು 100 ರೂಪಾಯಿ ಖರ್ಚು ಅಂತಿಟ್ಟುಕೊಳ್ಳಿ. ಚಾನೆಲ್ ಕೊಡುವುದು 80. ಉಳಿದ 20 ಸ್ಟುಡಿಯೋ ಜೇಬಿನಿಂದ. ಅಮೆರಿಕದ ಟಿವಿಯಲ್ಲಿ ಇದು ಮಾಮೂಲು. ನೂರು ಕಂತಿಗೆ 2000 ಕೊರತೆ. ನೂರರ ಸುಮಾರಿಗೆ ಕಂತುಗಳು ಸೇರಿದರೆ ಊರೂರಿನ ಚಾನೆಲ್‌ಗಳಿಗೆ ಮರುಪ್ರಸಾರಕ್ಕೆ ಮಾರಬಹುದು. ಇದಕ್ಕೆ ಸಿಂಡಿಕೇಷನ್ ಅಂತಾರೆ. ನಿಜವಾದ ದುಡ್ಡು ಇರುವುದು ಇಲ್ಲೇ. ಮಾರಾಟದಿಂದ 5000 ಬಂತು ಅನ್ನೋಣ. 2000 ಕೊರತೆ ಕಳೆದರೆ 3000 ಲಾಭ, ಅಲ್ವಾ? ನಾವು ನೀವು ಹಾಗೇ ಲೆಕ್ಕ ಹಾಕುತ್ತೇವೆ.

ಕರಾರಿನ ಲೆಕ್ಕ ಬೇರೆ. ಮೊದಲು ವಿತರಣೆ ಶುಲ್ಕ, ನೂರಕ್ಕೆ 35. ಅಲ್ಲಿಗೆ 1750 ಹೋಯಿತು. ಆಮೇಲೆ ಪ್ರಿಂಟು, ಜಾಹೀರಾತು, ಸಾಗಣೆ ಇತ್ಯಾದಿ ವಿತರಣೆಯ ಖರ್ಚು, 500. ಉಳಿದದ್ದು 2750. ಆಮೇಲೆ ಸ್ಟುಡಿಯೋದ ಆಫೀಸು, ಸಿಬ್ಬಂದಿ, ಕಟ್ಟಡ ಇವುಗಳ ಲೆಕ್ಕದಲ್ಲಿ ತಯಾರಿಕೆಯ ಒಟ್ಟು ಖರ್ಚಿನ ಮೇಲೆ ನೂರಕ್ಕೆ 15. ಒಟ್ಟು ಖರ್ಚು 10,000 ಆದ್ದರಿಂದ ಇದು 1500. ಉಳಿದದ್ದು 1250. ಇದರಲ್ಲಿ 2000 ಕೊರತೆ ತೀರಬೇಕು. ತೀರುವುದಿಲ್ಲ. 750 ನಷ್ಟ. ಆ ನಷ್ಟಕ್ಕೆ ಬಡ್ಡಿ. ಹೊಸದಾಗಿ ದುಡ್ಡು ಬಂದರೆ ಮೊದಲು ಬಡ್ಡಿಗೆ, ಆಮೇಲೆ ಅಸಲಿಗೆ. ಹಾಗಾಗಿ ಅಸಲು ಬೇಗ ಕರಗುವುದೇ ಇಲ್ಲ.

ಈಗ ಇನ್ನೊಂದು ಸಲ ನೋಡಿ. ವಿತರಣೆ ಮಾಡುವವರು ಯಾರು? ಅದೇ ಸ್ಟುಡಿಯೋ. ಆ 1750 ಹೋದದ್ದು ಅದರ ಒಂದು ಜೇಬಿನಿಂದ ಇನ್ನೊಂದು ಜೇಬಿಗೆ. 1500ರದೂ ಅದೇ ಕಥೆ. ನಿಜಕ್ಕೂ ಆಫೀಸಿಗೆ ಅಷ್ಟು ಖರ್ಚಾಗಿದೆಯೋ ಇಲ್ಲವೋ, ಕರಾರಿನಲ್ಲಿ ಬರೆದ ದರ ಹಿಡಿಯಲಾಗುತ್ತದೆ. ಮಾಲು ಇಟ್ಟುಕೊಂಡವರೂ ಅವರೇ, ಮಾರುವವರೂ ಅವರೇ, ಲೆಕ್ಕ ಬರೆಯುವವರೂ ಅವರೇ. ಇದರ ಮೇಲೆ ಇನ್ನೊಂದು ತೊಡಕು ಇದೆ. ಸ್ಟುಡಿಯೋ ಹಲವು ಧಾರಾವಾಹಿಗಳನ್ನು ಒಟ್ಟಿಗೆ ಕಟ್ಟಿ ಮಾರಿದರೆ, ಬಂದ ಮೊತ್ತದಲ್ಲಿ ಯಾವುದಕ್ಕೆ ಎಷ್ಟು ಅಂತ ಹಂಚುವುದೂ ಅದರ ಕೈಯಲ್ಲೇ. ಹೀಗಿರುವಾಗ ನಿವ್ವಳ ಲಾಭದಲ್ಲಿ ಪಾಲು ಅನ್ನುವುದು ಮೂಗಿಗೆ ತುಪ್ಪ ಸವರಿದ ಹಾಗೆ. ವಾಸನೆ ಬರುತ್ತದೆ, ಬಾಯಿಗೆ ಸಿಗುವುದಿಲ್ಲ.

ಸ್ಟುಡಿಯೋ ಪರವಾಗಿಯೂ ಒಂದು ಮಾತಿದೆ, ಅದನ್ನು ಬಿಡಬಾರದು. ಹೆಚ್ಚಿನ ಧಾರಾವಾಹಿಗಳು ನೂರು ಕಂತು ಮುಟ್ಟುವುದೇ ಇಲ್ಲ. ಅವುಗಳ ಕೊರತೆ ಸ್ಟುಡಿಯೋ ತಲೆ ಮೇಲೇ ಬೀಳುತ್ತದೆ. ಸೋತ ಹತ್ತರ ಹೊರೆಯನ್ನು ಗೆದ್ದ ಒಂದು ಹೊರಬೇಕು ಅನ್ನುವುದು ಅವರ ತರ್ಕ. ವ್ಯಾಪಾರವಾಗಿ ಇದು ಅರ್ಥ ಆಗುತ್ತದೆ. ಹಾಗಿದ್ದರೆ ಅದನ್ನು ಮೊದಲೇ ಹೇಳಬೇಕಿತ್ತು. ಲಾಭದಲ್ಲಿ ಪಾಲು ಅಂತ ಹೇಳಿ, ಲಾಭ ಅನ್ನುವ ಪದಕ್ಕೆ ಬೇರೆಯದೇ ಅರ್ಥ ಬರೆದಿಡುವುದು ನನಗೆ ಸರಿ ಕಾಣುವುದಿಲ್ಲ.

ಆರು ವರ್ಷ

ದಾವೆ 1983ರಿಂದ 1989ರವರೆಗೆ ನಡೆಯಿತು. ಇಂಥ ಪ್ರಕರಣಗಳಲ್ಲಿ ದೊಡ್ಡ ಕಂಪನಿಯ ಕೈಯಲ್ಲಿರುವ ಬಲವಾದ ಆಯುಧ ಕಾಲ. ಅವರ ವಕೀಲರು ತಿಂಗಳ ಸಂಬಳಕ್ಕೇ ಇರುತ್ತಾರೆ. ನಟನಿಗೆ ವಯಸ್ಸಾಗುತ್ತದೆ. ಕೈಯಲ್ಲಿರುವ ದುಡ್ಡು ವಕೀಲರಿಗೆ ಹೋಗುತ್ತದೆ. ಕೋರ್ಟಿಗೆ ಹೋದವನು ಅನ್ನುವ ಹೆಸರು ಬಂದರೆ ಕೆಲಸ ಕಡಿಮೆಯಾಗುತ್ತದೆ. ಬಹಳ ಜನ ಇಲ್ಲಿಯೇ ಸೋಲುತ್ತಾರೆ, ಕಟಕಟೆಯಲ್ಲಿ ಅಲ್ಲ.

ಗಾರ್ನರ್ ಹೇಗೆ ತಡೆದುಕೊಂಡರು? ನನಗೆ ಕಾಣುವ ಉತ್ತರ ಸರಳ. ಅವರಿಗೆ ಬೇರೆ ಕೆಲಸ ಇತ್ತು. ಮ್ಯಾರಿಯೆಟ್ ಹಾರ್ಟ್ಲಿ ಅವರ ಜೊತೆ ಮಾಡಿದ ಪೋಲರಾಯ್ಡ್ ಕ್ಯಾಮೆರಾ ಜಾಹೀರಾತುಗಳು ಎಷ್ಟು ಜನಪ್ರಿಯ ಆಗಿದ್ದವು ಅಂದರೆ, ಇಬ್ಬರೂ ನಿಜವಾದ ಗಂಡ ಹೆಂಡತಿ ಅಂತ ಎಷ್ಟೋ ಜನ ನಂಬಿದ್ದರು. ಅವರ ನಿಜವಾದ ಹೆಂಡತಿ ಲೋಯಿಸ್ ಕ್ಲಾರ್ಕ್. 1956ರಲ್ಲಿ ಒಂದು ಚುನಾವಣಾ ಪ್ರಚಾರದ ಕೂಟದಲ್ಲಿ ಭೇಟಿಯಾಗಿ, ಎರಡೇ ವಾರದಲ್ಲಿ ಮದುವೆಯಾದರು. ಆ ಮದುವೆ ಕೊನೆಯವರೆಗೂ ಉಳಿಯಿತು. 1985ರ ‘ಮರ್ಫೀಸ್ ರೊಮ್ಯಾನ್ಸ್’ ಸಿನಿಮಾ ಆಸ್ಕರ್ ನಾಮನಿರ್ದೇಶನ ತಂದಿತು. 1986ರ ‘ಪ್ರಾಮಿಸ್’ ಟಿವಿ ಚಿತ್ರಕ್ಕೆ ನಿರ್ಮಾಪಕರಾಗಿ ಎಮ್ಮಿ ಗೆದ್ದರು. ಅಂದರೆ ದಾವೆ ಬಾಕಿ ಇದ್ದ ವರ್ಷಗಳಲ್ಲೇ ಅವರ ನಟನೆಗೆ ದೊಡ್ಡ ಗೌರವ ಬಂತು. ಹೊಟ್ಟೆಪಾಡಿಗೆ ಯೂನಿವರ್ಸಲ್ ಕಡೆ ನೋಡಬೇಕಾದ ಸ್ಥಿತಿ ಅವರದಾಗಿರಲಿಲ್ಲ. ಧೈರ್ಯದ ಬಗ್ಗೆ ಮಾತಾಡುವಾಗ ಇದನ್ನು ಮರೆಯಬಾರದು. ಅದೇ ಧಾರಾವಾಹಿಯಲ್ಲಿ ಒಂದೆರಡು ಕಂತಿಗೆ ಬಂದು ಹೋದ ನಟರಿಗೆ ಇಂಥ ಅವಕಾಶವೇ ಇರಲಿಲ್ಲ.

1988ರಲ್ಲಿ ಅವರಿಗೆ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಆಯಿತು. ಒಟ್ಟಿಗೆ ಐದು ರಕ್ತನಾಳಕ್ಕೆ. ಅವರಿಗೆ 60 ವರ್ಷ. ದಾವೆಯನ್ನು ಬಿಡಲಿಲ್ಲ.

1989ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಎಷ್ಟು ದುಡ್ಡು ಅನ್ನುವುದನ್ನು ಹೊರಗೆ ಹೇಳಬಾರದು ಅನ್ನುವುದು ರಾಜಿಯ ಷರತ್ತು. ಗಾರ್ನರ್ ಆ ಮಾತಿಗೆ ಬದ್ಧರಾಗಿದ್ದರು.

ರಾಜಿಯ ಇನ್ನೊಂದು ಮುಖ

ಈ ಷರತ್ತಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಗುಟ್ಟಾಗಿ ರಾಜಿಯಾದರೆ ದೂರು ಕೊಟ್ಟವರಿಗೆ ನ್ಯಾಯ ಸಿಗಬಹುದು, ಆದರೆ ಲೆಕ್ಕದ ಪುಸ್ತಕ ಜನರ ಎದುರು ತೆರೆಯುವುದಿಲ್ಲ. ತೀರ್ಪು ಇಲ್ಲ ಅಂದರೆ ಮುಂದಿನವರು ತೋರಿಸಲು ಒಂದು ಕಾಗದವೂ ಇಲ್ಲ. ಕರಾರಿನ ನಮೂನೆ ಹಾಗೆಯೇ ಉಳಿಯುತ್ತದೆ, ಮುಂದಿನ ನಟ ಅದಕ್ಕೇ ಸಹಿ ಹಾಕುತ್ತಾನೆ.

ತೀರ್ಪು ಬಂದಿದ್ದರೆ ಏನಾಗಬಹುದಿತ್ತು ಅನ್ನುವುದಕ್ಕೆ ಒಂದು ಸುಳಿವು ಮರುವರ್ಷವೇ ಸಿಕ್ಕಿತು. ಅಂಕಣಕಾರ ಆರ್ಟ್ ಬುಕ್‌ವಾಲ್ಡ್ ಅವರು ಪ್ಯಾರಮೌಂಟ್ ಸ್ಟುಡಿಯೋ ಮೇಲೆ ದಾವೆ ಹೂಡಿದ್ದರು. ಎಡ್ಡಿ ಮರ್ಫಿ ನಟಿಸಿದ ಒಂದು ಯಶಸ್ವಿ ಸಿನಿಮಾ ತಮ್ಮ ಕಥೆಯನ್ನು ಆಧರಿಸಿದ್ದು ಅನ್ನುವುದು ಅವರ ವಾದ. ಅಷ್ಟು ಓಡಿದ ಸಿನಿಮಾಕ್ಕೂ ನಿವ್ವಳ ಲಾಭವೇ ಇಲ್ಲ ಅಂತ ಸ್ಟುಡಿಯೋ ಹೇಳಿತು. 1990ರಲ್ಲಿ ಲಾಸ್ ಏಂಜಲೀಸ್‌ನ ನ್ಯಾಯಾಧೀಶರು ಆ ಕರಾರಿನ ಲಾಭದ ಲೆಕ್ಕದ ಹಲವು ಷರತ್ತುಗಳು ನ್ಯಾಯಕ್ಕೆ ಒಪ್ಪುವಂಥವಲ್ಲ ಅಂದರು. ಗಾರ್ನರ್ ಇನ್ನೊಂದಿಷ್ಟು ಕಾಲ ಹೋರಾಡಿದ್ದರೆ ಟಿವಿಗೂ ಇಂಥ ಒಂದು ತೀರ್ಪು ಸಿಗುತ್ತಿತ್ತೇ? ಸಿಗಬಹುದಿತ್ತು, ಸಿಗದೆಯೂ ಹೋಗಬಹುದಿತ್ತು. ಹೃದಯದ ಆಪರೇಷನ್ ಆದ ಮರುವರ್ಷವೇ ರಾಜಿಗೆ ಕೂತ ಮನುಷ್ಯನನ್ನು ಯಾಕೆ ನಿಲ್ಲಿಸಿದಿರಿ ಅಂತ ಕೇಳುವ ಮನಸ್ಸು ನನಗಿಲ್ಲ.

ಹಾಲಿವುಡ್‌ನಲ್ಲಿ ಬಲ ಇರುವ ನಟರು ಕರಾರು ಬರೆಸುವಾಗ ಈಗ ನಿವ್ವಳದ ಮಾತೇ ಎತ್ತುವುದಿಲ್ಲ. ಖರ್ಚು ಕಳೆಯುವ ಮೊದಲೇ, ಒಟ್ಟು ಗಳಿಕೆಯಲ್ಲಿ ಪಾಲು ಕೇಳುತ್ತಾರೆ. ಬಲ ಇಲ್ಲದವರಿಗೆ ಈಗಲೂ ಸಿಗುವುದು ನಿವ್ವಳವೇ.

1994ರಲ್ಲಿ ಗಾರ್ನರ್ ಮತ್ತೆ ಜಿಮ್ ರಾಕ್‌ಫರ್ಡ್ ಆದರು. ಸಿಬಿಎಸ್ ಚಾನೆಲ್‌ಗಾಗಿ ಎಂಟು ಟಿವಿ ಚಿತ್ರಗಳು, 1999ರವರೆಗೆ. ತಯಾರಿಸಿದ್ದು ಅದೇ ಯೂನಿವರ್ಸಲ್. ಕೂದಲು ಬೆಳ್ಳಗಾಗಿತ್ತು, ಮೊಣಕಾಲು ಮೊದಲಿನಂತಿರಲಿಲ್ಲ. 1998ರಲ್ಲಿ, 70ನೇ ವಯಸ್ಸಿನಲ್ಲಿ, ಹಳೆಯ ಧಾರಾವಾಹಿಯ ಮರುಪ್ರಸಾರದ ಲೆಕ್ಕ ಮುಚ್ಚಿಟ್ಟಿದ್ದಾರೆ ಅಂತ ಅವರು ಅದೇ ಸ್ಟುಡಿಯೋ ಮೇಲೆ 22 ಲಕ್ಷ ಡಾಲರ್‌ಗೆ ಇನ್ನೊಂದು ದಾವೆ ಹೂಡಿದರು. ಆ ಎಂಟರಲ್ಲಿ ಕೊನೆಯ ಚಿತ್ರ ಇನ್ನೂ ಪ್ರಸಾರ ಆಗಿರಲಿಲ್ಲ.